ಮೊದಲು ಚಾಸಿ, ಆಮೇಲೆ ಬಣ್ಣ

ನಮ್ಮ ಶಿವನಸಮುದ್ರದ ಬ್ಲಫ್ ಕಡೆಯ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದು ನಿಂತ ಹಳೇ ಮಹೀಂದ್ರ ಜೀಪಿದ್ದರೆ ಗುಜರಿಗೆ ಹಾಕಬೇಡಿ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಊರು ನಮ್ಮದು. ಹಳೇ ಯಂತ್ರದ ಬೆಲೆ ನಮಗೆ ಗೊತ್ತು. ಬಣ್ಣಕ್ಕೆ ಆತುರ ಬೇಡ. ಮೊದಲು ಚಾಸಿಯ ಸಂದಿಯಲ್ಲಿ ಕೂತ ಗದ್ದೆ ಕೆಸರು ಕೆರೆದು ತೆಗೆಯಿರಿ, ನೀರು ಹಿಡಿದಿಟ್ಟು ಕಬ್ಬಿಣ ತಿನ್ನಿಸುವುದು ಅದೇ. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಟೊಳ್ಳು. ಅಲ್ಲಿ ತಗಡು ಮುಚ್ಚದೆ, ಕತ್ತರಿಸಿ ಹೊಸ ಪ್ಲೇಟ್ ಕೂರಿಸಿ. ವೆಲ್ಡಿಂಗ್‌ಗೆ ಮುಂಚೆ ಟ್ಯಾಂಕು, ಬ್ಯಾಟರಿ ಬಿಚ್ಚಿ ದೂರ ಇಡಿ. ಜಪ್ಪಯ್ಯ ಅಂದರೂ ಜಗ್ಗದ ಬೋಲ್ಟಿಗೆ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಸಿ. ತುಕ್ಕು ಉಜ್ಜಿದ ದಿನವೇ ರೆಡ್ ಆಕ್ಸೈಡ್ ಬಳಿಯಿರಿ. ಹೊಳೆಯಂಚಿನ ತೇವಕ್ಕೆ ಒಂದು ರಾತ್ರಿ ಸಾಕು. ಆರ್‌ಸಿ ಜೋಪಾನ: 50 ವರ್ಷ ದಾಟಿದ, ಮೂಲರೂಪ ಕೆಡದ ಸ್ವಂತ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಉಂಟು.