ಔಷಧಕ್ಕೆ ಮಣಿಯದ ರೋಗಾಣು ಮತ್ತು ಸಸ್ಯಮೂಲದ ಸತ್ತ್ವಗಳು

ಪುಣೆಯ ಹಿಂಜವಾಡಿ ಇಂದು ಗಣಕಯಂತ್ರ ಉದ್ಯಮಕ್ಕೆ ಹೆಸರಾಗಿದೆ. ಅದಕ್ಕೆ ಸಮೀಪದ ಪಿಂಪ್ರಿಯಲ್ಲಿ ಸರ್ಕಾರಿ ಸ್ವಾಮ್ಯದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆಯು 1954ರಲ್ಲಿ ಸ್ಥಾಪಿತವಾಗಿ, ಮರುವರ್ಷ ಪೆನಿಸಿಲಿನ್ ತಯಾರಿಸತೊಡಗಿತು. ಶಿಲೀಂಧ್ರಜನ್ಯವಾದ ಈ ಔಷಧದ ಸುಳಿವು ಅಲೆಕ್ಸಾಂಡರ್ ಫ್ಲೆಮಿಂಗರಿಗೆ 1928ರಲ್ಲಿ ದೊರೆತದ್ದು ಸ್ಟ್ಯಾಫಿಲೊಕಾಕಸ್ ಬೆಳೆಸಿದ್ದ ತಟ್ಟೆಯಲ್ಲಿ. ಕುರು, ಗಾಯದ ಕೀವು, ರಕ್ತದ ನಂಜು ಇವುಗಳಿಗೆ ಕಾರಣವಾಗುವ ಆ ರೋಗಾಣುವಿನಲ್ಲಿ ಪೆನಿಸಿಲಿನನ್ನು ಒಡೆಯುವ ಕಿಣ್ವವುಳ್ಳ ತಳಿಗಳು ಬೇಗನೆ ಹಬ್ಬಿದವು. ಅವನ್ನು ಎದುರಿಸಲೆಂದೇ ರಚಿಸಿದ ಮೆಥಿಸಿಲಿನ್‌ಗೂ ಮಣಿಯದ ತಳಿಗಳು 1961ರಲ್ಲಿ ಬ್ರಿಟನ್ನಿನಲ್ಲಿ ವರದಿಯಾದವು.

ಈ ರೋಗಾಣುವಿಗೆ ಇನ್ನೊಂದು ಉಪಾಯವೂ ಉಂಟು. ಒಳಹೊಕ್ಕ ಹಲವು ಔಷಧಗಳನ್ನು ಅದು ಕೋಶಪೊರೆಯಲ್ಲಿರುವ ‘ನಾರ್-ಎ’ ಎಂಬ ಪಂಪಿನಿಂದ ಹೊರದೂಡುತ್ತದೆ. ದಾರುಹರಿದ್ರದ ಕುಲಕ್ಕೆ ಸೇರಿದ ಬರ್ಬೆರಿಸ್ ಗಿಡಗಳ ಹಳದಿ ಸತ್ತ್ವವಾದ ಬರ್ಬೆರಿನ್ ರೋಗಾಣುನಾಶಕವಾದರೂ ದುರ್ಬಲವೆನಿಸಿದ್ದು ಇದರಿಂದಲೇ. ಆದರೆ ಅವೇ ಗಿಡಗಳಲ್ಲಿ ಆ ಪಂಪನ್ನು ತಡೆಯುವ ಮತ್ತೊಂದು ಸಂಯುಕ್ತವಿದೆಯೆಂದು 2000ದಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ತಾನಾಗಿ ರೋಗಾಣುವನ್ನು ಕೊಲ್ಲದ ಅದು ಬರ್ಬೆರಿನ್‌ಗೆ ಒಳಗೆ ನಿಲ್ಲಲು ಎಡೆಮಾಡಿಕೊಡುತ್ತದೆ. ಹಿಂದೆ ಕುಷ್ಠರೋಗಕ್ಕೆ ಬಳಸುತ್ತಿದ್ದ ಚೌಲ್ಮೂಗ್ರ ಎಣ್ಣೆಯಲ್ಲಿಯೂ ಅದು ಅಲ್ಪ ಪ್ರಮಾಣದಲ್ಲಿ ಕಂಡುಬಂದಿತ್ತು. ಒಂದೊಂದೇ ಸತ್ತ್ವವನ್ನು ಬೇರ್ಪಡಿಸಿ ಪರೀಕ್ಷಿಸುವ ಪದ್ಧತಿಯಲ್ಲಿ ಇಂತಹ ಜೊತೆಗಾರಿಕೆ ಕಣ್ತಪ್ಪುವುದು ಸಹಜ. ಮಲೆನಾಡಿಗರಿಗೆ ಚಿರಪರಿಚಿತವಾದ ಕರಿಮೆಣಸಿನ ಪೈಪರಿನ್ ಕೂಡ ಸಿಪ್ರೊಫ್ಲಾಕ್ಸಸಿನ್ ಔಷಧವು ಹೊರಹೋಗದಂತೆ ತಡೆಯುವುದೆಂದು ಜಮ್ಮುವಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದರು.

ಇವು ಪ್ರಯೋಗಾಲಯದ ಫಲಿತಾಂಶಗಳು. ಮೆಣಸಿನ ಕಷಾಯಕ್ಕೆ ಅನ್ವಯಿಸುವಂಥವಲ್ಲ. ಕುರುವಿನ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೀವನ್ನು ಪರೀಕ್ಷೆಗೆ ಕಳುಹಿಸಿದಲ್ಲಿ, ರೋಗಾಣು ಯಾವ ಔಷಧಕ್ಕೆ ಮಣಿಯುವುದೆಂಬುದು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಿಳಿದುಬರುತ್ತದೆ.