ದೊಡ್ಡರೋಗದ ಕಾಲದ ಪಶುವೈದ್ಯರು



ನಿಮ್ಮ ಕೊಟ್ಟಿಗೆಯಲ್ಲಿ ಇಂದು ಎಷ್ಟೇ ರಾಸುಗಳಿರಲಿ, ಅವುಗಳಲ್ಲಿ ಒಂದಕ್ಕೂ ದೊಡ್ಡರೋಗ ತಗಲುವ ಭಯವಿಲ್ಲ. ಆ ರೋಗ ಈಗ ಭೂಮಿಯ ಮೇಲೆ ಯಾವ ದೇಶದ ದನದಲ್ಲಿಯೂ ಇಲ್ಲ. ನಿಮ್ಮ ಊರಿನಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಅವರನ್ನು ಕೇಳಿ ನೋಡಿ. ರೋಗದ ಹೆಸರು ಹೇಳಿದೊಡನೆಯೇ ಅವರ ಮುಖದ ಬಣ್ಣ ಬದಲಾಗುತ್ತದೆ. ಅದು ಹೇಗೆ ಹೋಯಿತು, ಅದನ್ನು ಅಟ್ಟಿದ ಹಿಂದಿನ ತಲೆಮಾರುಗಳ ಪಶುವೈದ್ಯರು ಹೇಗೆ ಬದುಕಿದರು, ಹೇಗೆ ಕೆಲಸ ಮಾಡಿದರು ಎಂಬುದನ್ನು ತಿಳಿದುಕೊಂಡರೆ ಇಂದು ನಿಮ್ಮ ಮನೆ ಬಾಗಿಲಿಗೆ ಬರುವ ಲಸಿಕೆಯ ವಿಚಾರವೂ ಸ್ಪಷ್ಟವಾಗುತ್ತದೆ.

ರೋಗದ ಲಕ್ಷಣಗಳು

ಮೊದಲಿಗೆ ರಾಸಿಗೆ ವಿಪರೀತ ಜ್ವರ ಬರುತ್ತಿತ್ತು. ಮೇವು ಬಿಡುತ್ತಿತ್ತು, ಮೆಲುಕು ನಿಲ್ಲುತ್ತಿತ್ತು, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಎರಡು ಮೂರು ದಿನಗಳಲ್ಲಿ ತುಟಿಯ ಒಳಭಾಗ ಮತ್ತು ಒಸಡಿನ ಮೇಲೆ ಬೂಸಾ ಉದುರಿಸಿದಂತೆ ಸಣ್ಣ ಸಣ್ಣ ಹುಣ್ಣುಗಳು ಕಾಣಿಸಿಕೊಳ್ಳುತ್ತಿದ್ದವು. ಆಮೇಲೆ ದುರ್ವಾಸನೆಯ ಭೇದಿ. ಮೈಯ ನೀರೆಲ್ಲ ಹೊರಹೋಗಿ ಒಂದೆರಡು ವಾರಗಳೊಳಗೆ ರಾಸು ಸಾಯುತ್ತಿತ್ತು. ಊರಿಗೆ ಹೊಸದಾಗಿ ರೋಗ ಹೊಕ್ಕಾಗ ದೊಡ್ಡಿಗೆ ದೊಡ್ಡಿಯೇ ಖಾಲಿಯಾದದ್ದುಂಟು. ಎತ್ತು ಸತ್ತರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ಬೆಳೆಯಿಲ್ಲ. ದನದ ರೋಗ ಮನುಷ್ಯರ ಹಸಿವಾಗುತ್ತಿದ್ದುದು ಹೀಗೆ. ಬದುಕಿ ಉಳಿದ ರಾಸಿಗೆ ಮಾತ್ರ ಈ ರೋಗ ಮತ್ತೆ ಜನ್ಮದಲ್ಲಿ ಬರುತ್ತಿರಲಿಲ್ಲ. ಮುಂದೆ ಲಸಿಕೆಯ ಕೆಲಸಕ್ಕೆಲ್ಲ ಈ ಒಂದು ಸಂಗತಿಯೇ ಆಧಾರವಾಯಿತು.

ಪಶುವೈದ್ಯಕೀಯವನ್ನು ಶಾಲೆಯಲ್ಲಿ ಕಲಿಸುವ ಪದ್ಧತಿ ಹುಟ್ಟುವುದಕ್ಕೂ ಈ ರೋಗವೇ ಒಂದು ಮುಖ್ಯ ಕಾರಣ. ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ಕ್ಲಾಡ್ ಬೂರ್ಜೆಲಾ ಎಂಬುವರು 1761ರಲ್ಲಿ ರಾಜನ ಅಪ್ಪಣೆ ಪಡೆದು, ಮರುವರ್ಷ ಪಾಠ ಆರಂಭಿಸಿದರು. ಇಂದಿನ ಪಶುವೈದ್ಯ ಕಾಲೇಜುಗಳಿಗೆಲ್ಲ ಅದೇ ಮೂಲ. ಬೂರ್ಜೆಲಾ ಮೊದಲು ಕುದುರೆ ಸವಾರಿ ಕಲಿಸುವ ಶಾಲೆಯನ್ನು ನಡೆಸುತ್ತಿದ್ದವರು.

ನಮ್ಮ ದೇಶದಲ್ಲಿ ಆರಂಭ

ನಮ್ಮಲ್ಲಿ ದನದ ಚಿಕಿತ್ಸೆ ಬಹು ಹಿಂದಿನಿಂದಲೂ ಇತ್ತು. ಕುದುರೆಗಳ ವೈದ್ಯಕ್ಕೆ ಹೆಸರಾದ ಶಾಲಿಹೋತ್ರನ ಹೆಸರಿನಿಂದಲೇ ಸೈನ್ಯದ ಕುದುರೆ ವೈದ್ಯರನ್ನು 'ಸಾಲೋತ್ರಿ' ಎಂದು ಕರೆಯುವ ವಾಡಿಕೆ ಬಂತು. ಹಳ್ಳಿಗಳಲ್ಲಿ ನಾಟಿ ವೈದ್ಯರು ಗೊಟ್ಟದಲ್ಲಿ ಔಷಧ ಹಾಕುತ್ತಿದ್ದರು, ಬರೆ ಎಳೆಯುತ್ತಿದ್ದರು, ಮುರಿದ ಕಾಲಿಗೆ ಬಿದಿರು ಕಟ್ಟುತ್ತಿದ್ದರು. ಹೊಟ್ಟೆಯುಬ್ಬರಕ್ಕೋ ಉಳುಕಿಗೋ ಇವುಗಳಲ್ಲಿ ಕೆಲವು ಗುಣ ಕೊಡುತ್ತಿದ್ದವು. ಆದರೆ ದೊಡ್ಡರೋಗಕ್ಕೆ ಯಾವ ಗೊಟ್ಟವೂ ನಾಟಲಿಲ್ಲ. ಊರವರು ಮಾರಿಗೆ ಪೂಜೆ ಕೊಟ್ಟು, ಅವಳನ್ನು ಊರ ಗಡಿ ದಾಟಿಸುತ್ತಿದ್ದರು. ಪೂಜೆಯ ವಿಚಾರದಲ್ಲಿ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ರೋಗವಿದ್ದ ಊರಿನ ದನವೂ ಅದೇ ಗಡಿ ದಾಟಿ ಹೋದರೆ ರೋಗವೂ ಅದರ ಜೊತೆಗೆ ಹೋಗುತ್ತಿತ್ತು.

ಬ್ರಿಟಿಷ್ ಸರ್ಕಾರ ನೇಮಿಸಿದ ದನಗಳ ಪಿಡುಗಿನ ಆಯೋಗ 1871ರಲ್ಲಿ ವರದಿ ಕೊಟ್ಟಿತು. ನಾಡಿನ ಉದ್ದಗಲಕ್ಕೂ ಈ ರೋಗವಿದೆ ಎಂಬುದು ಆಗ ಕಾಗದದ ಮೇಲೆ ಬಂತು. ಮುಂದೆ 1882ರಲ್ಲಿ ಲಾಹೋರಿನಲ್ಲಿ, 1886ರಲ್ಲಿ ಮುಂಬಯಿಯಲ್ಲಿ, 1893ರಲ್ಲಿ ಕಲ್ಕತ್ತೆಯಲ್ಲಿ, 1903ರಲ್ಲಿ ಮದರಾಸಿನಲ್ಲಿ ಪಶುವೈದ್ಯ ಕಾಲೇಜುಗಳು ತೆರೆದವು. ಕನ್ನಡ ನಾಡಿನ ಹುಡುಗರು ಈ ವಿದ್ಯೆ ಕಲಿಯಬೇಕಾದರೆ ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿತ್ತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ.

ಆಗ ಕಲಿತು ಬಂದವರಿಗೆ ಸಿಗುತ್ತಿದ್ದ ಹುದ್ದೆ 'ವೆಟರ್ನರಿ ಅಸಿಸ್ಟೆಂಟ್'. ಮೇಲಿನ ಹುದ್ದೆಗಳಲ್ಲಿ ಬಹುಕಾಲ ಇಂಗ್ಲೆಂಡಿನಲ್ಲಿ ಓದಿದವರೇ ಇದ್ದರು. ನಮ್ಮವರಲ್ಲಿ ಬಹಳ ಮಂದಿ ಅಸಿಸ್ಟೆಂಟರಾಗಿ ಸೇರಿ, ಬಹಳವೆಂದರೆ ಇನ್‌ಸ್ಪೆಕ್ಟರಾಗಿ ನಿವೃತ್ತರಾದರು. ಕಾಲೇಜಿನಲ್ಲಿ ಪಡೆದದ್ದೂ ಡಿಪ್ಲೊಮಾ ಮಾತ್ರ. ಮದರಾಸಿನ ಕಾಲೇಜು ವಿಶ್ವವಿದ್ಯಾನಿಲಯಕ್ಕೆ ಸೇರಿ ಪದವಿ ತರಗತಿ ಆರಂಭವಾದದ್ದು 1936ರಲ್ಲಿ. ಈ ದೇಶದಲ್ಲಿ ಅದೇ ಮೊದಲು. ಜನರ ನಡುವೆಯೂ ಮನುಷ್ಯರ ಡಾಕ್ಟರಿಗಿದ್ದ ಮರ್ಯಾದೆ 'ದನದ ಡಾಕ್ಟರಿಗೆ' ಇರಲಿಲ್ಲ. ಸತ್ತ ದನವನ್ನು ಮುಟ್ಟಿ ಕೊಯ್ದು ಪರೀಕ್ಷೆ ಮಾಡುವವನನ್ನು ಜಗಲಿಯ ಮೇಲೆ ಕೂರಿಸಲು ಹಿಂದೆಗೆಯುವವರೂ ಇದ್ದ ಕಾಲವದು. ಅದೇ ಮನುಷ್ಯ ಮರುದಿನ ಅಡ್ಡ ಸಿಕ್ಕಿಕೊಂಡ ಕರುವನ್ನು ಹೊರತೆಗೆದರೆ ಆಗ ತೆಂಗಿನಕಾಯಿ, ವೀಳ್ಯ ಎಲ್ಲ ಬರುತ್ತಿತ್ತು!

ಮುಕ್ತೇಶ್ವರ ಮತ್ತು ಹೆಬ್ಬಾಳ

ದನಗಳ ರೋಗದ ಸಂಶೋಧನೆಗೆಂದು 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ಆರಂಭವಾಯಿತು. ಊರು ನಾಡಿನ ನಡುವೆ ಇಂಥ ಸೋಂಕನ್ನು ಇಟ್ಟುಕೊಳ್ಳುವುದು ಅಪಾಯವೆಂದು 1893ರಲ್ಲಿ ಅದನ್ನು ಹಿಮಾಲಯದ ಕುಮಾವೂ ಸೀಮೆಯ ಮುಕ್ತೇಶ್ವರಕ್ಕೆ ಸಾಗಿಸಿದರು. ಅದು ಏಳು ಸಾವಿರ ಅಡಿಗೂ ಎತ್ತರದ ಬೆಟ್ಟ. ಚಳಿ ಹೆಚ್ಚು, ಸುತ್ತ ದನ ಕಡಿಮೆ. ಆಲ್‌ಫ್ರೆಡ್ ಲಿಂಗಾರ್ಡ್ ಅಲ್ಲಿನ ಮೊದಲ ಮುಖ್ಯಸ್ಥರು. ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಖ್ 1897ರಲ್ಲಿ ಅಲ್ಲಿಗೆ ಭೇಟಿಯಿತ್ತರು.

ಆಗಿನ ಮೊದಲ ಅಸ್ತ್ರ 'ಸೀರಂ'. ರೋಗದಿಂದ ಚೇತರಿಸಿಕೊಂಡ ರಾಸಿಗೆ ಪುನಃ ಪುನಃ ರೋಗಾಣು ಚುಚ್ಚಿ, ಅದರ ರಕ್ತದಿಂದ ತೆಗೆದ ತಿಳಿನೀರು ಇದು. ಇದನ್ನು ಚುಚ್ಚಿದರೆ ಕೂಡಲೇ ರಕ್ಷಣೆ ಸಿಗುತ್ತಿತ್ತು, ಆದರೆ ಕೆಲವೇ ವಾರಗಳ ಮಟ್ಟಿಗೆ. ಶಾಶ್ವತ ರಕ್ಷಣೆ ಬೇಕೆಂದರೆ ಒಂದು ಪಕ್ಕಕ್ಕೆ ಸೀರಂ, ಇನ್ನೊಂದು ಪಕ್ಕಕ್ಕೆ ರೋಗವಿರುವ ರಾಸಿನ ರಕ್ತ, ಎರಡನ್ನೂ ಒಟ್ಟಿಗೆ ಚುಚ್ಚಬೇಕು. ಸೀರಂ ಅಳತೆ ಕಡಿಮೆಯಾದರೆ ವೈದ್ಯನೇ ರೋಗ ಕೊಟ್ಟಂತಾಗುತ್ತಿತ್ತು. ಎಂಥ ಧೈರ್ಯ ಬೇಕಾಗಿತ್ತೆಂದು ನೀವೇ ಊಹಿಸಿಕೊಳ್ಳಿ.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, 1925ರಲ್ಲಿ, ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾಯಿತು. ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎಂಬ ಹೆಸರಿನಲ್ಲಿ ಅದು ಲಸಿಕೆಗಳನ್ನು ತಯಾರಿಸುತ್ತಿದೆ.

ಆಡಿನಿಂದ ಬಂದ ಲಸಿಕೆ

ಸೀರಂ ದುಬಾರಿಯಾಗಿತ್ತು, ಅದನ್ನು ತೆಗೆಯಲು ಬಹಳ ರಾಸುಗಳು ಬೇಕಾಗಿದ್ದವು. ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ ಇನ್ನೊಂದು ದಾರಿ ಹುಡುಕಿದರು. ರೋಗಾಣುವನ್ನು ದನದಿಂದ ಆಡಿಗೆ, ಆ ಆಡಿನಿಂದ ಇನ್ನೊಂದು ಆಡಿಗೆ, ಹೀಗೆ ಸಾಲಾಗಿ ದಾಟಿಸುತ್ತಾ ಹೋದರು. ಬಹುಕಾಲ ಆಡಿನ ಮೈಯಲ್ಲೇ ಬೆಳೆದ ರೋಗಾಣು ದನವನ್ನು ಕೊಲ್ಲುವ ಶಕ್ತಿಯನ್ನು ಕಳೆದುಕೊಂಡಿತು, ಆದರೆ ರಕ್ಷಣೆ ಕೊಡುವ ಗುಣವನ್ನು ಉಳಿಸಿಕೊಂಡಿತು. ಇದು 1927ರ ಸುಮಾರಿನ ಮಾತು. ಈ ಲಸಿಕೆ ಅಗ್ಗ; ಒಮ್ಮೆ ಹಾಕಿದರೆ ಹಲವು ವರ್ಷ ರಕ್ಷಣೆ.

ಲಸಿಕೆಯನ್ನು ಹಳ್ಳಿಗೆ ತಲುಪಿಸುವುದು ಮಾತ್ರ ಸುಲಭವಾಗಿರಲಿಲ್ಲ. ಬಿಸಿಲು ತಾಗಿದರೆ ಅದು ಸತ್ತುಹೋಗುತ್ತದೆ. ಹಳ್ಳಿಯಲ್ಲಿ ವಿದ್ಯುತ್ ಇಲ್ಲ, ಐಸ್ ಸಿಗುವುದು ದೊಡ್ಡ ಪಟ್ಟಣಗಳಲ್ಲಿ. ಮೊದಮೊದಲು ವೈದ್ಯರು ಲಸಿಕೆ ಹಾಕಿದ ಆಡುಗಳನ್ನೇ ಬಳಸಿ, ಅವಕ್ಕೆ ಜ್ವರ ಏರಿದಾಗ ರಕ್ತ ತೆಗೆದು ದನಗಳಿಗೆ ಚುಚ್ಚಿದ್ದೂ ಉಂಟು. ನಂತರ ಆಡಿನ ಗುಲ್ಮವನ್ನು ಒಣಗಿಸಿ ಪುಡಿಮಾಡಿ ಸಣ್ಣ ಗಾಜಿನ ಕುಪ್ಪಿಗಳಲ್ಲಿ ತುಂಬುವುದು ರೂಢಿಗೆ ಬಂತು. ಐಸ್ ತುಂಬಿದ ಥರ್ಮಾಸ್ ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು ಎತ್ತಿನ ಗಾಡಿಯಲ್ಲೋ ಸೈಕಲ್ ಮೇಲೋ ಬೆಳಕು ಹರಿಯುವ ಮುನ್ನ ಹೊರಡಬೇಕು; ದನಗಳು ಮೇಯಲು ಹೋಗುವ ಮೊದಲೇ ಊರು ಮುಟ್ಟಬೇಕು. ಪುಡಿಯನ್ನು ಉಪ್ಪುನೀರಿಗೆ ಬೆರೆಸಿದ ಮೇಲೆ ಸ್ವಲ್ಪ ಹೊತ್ತಿನೊಳಗೆ ಚುಚ್ಚಿ ಮುಗಿಸಬೇಕು. ಮುಗಿಯದಿದ್ದರೆ ಚೆಲ್ಲಬೇಕು. ಮೂಗುದಾರವಿಲ್ಲದ ಹೋರಿಗಳನ್ನು ಹಗ್ಗ ಹಾಕಿ ಹಿಡಿಯುವುದರಲ್ಲೇ ಹೊತ್ತು ಏರುತ್ತಿತ್ತು.

ಅಷ್ಟು ಕಷ್ಟಪಟ್ಟು ಬಂದವನಿಗೆ ಊರಿನಲ್ಲಿ ದನಗಳೇ ಸಿಗುತ್ತಿರಲಿಲ್ಲ! ವೈದ್ಯ ಬರುತ್ತಾನೆಂಬ ಸುದ್ದಿ ಮುಟ್ಟಿದೊಡನೆ ದನಗಳನ್ನು ಕಾಡಿಗೆ ಹೊಡೆದು ಬಿಡುತ್ತಿದ್ದರು. ಇದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಆಡಿನ ಲಸಿಕೆ ಹಾಕಿದ ಮೇಲೆ ಕೆಲವು ದಿನ ಜ್ವರ ಬರುತ್ತಿತ್ತು, ಹಾಲು ಇಳಿಯುತ್ತಿತ್ತು. ನಾಟಿ ದನಗಳು ತಡೆದುಕೊಳ್ಳುತ್ತಿದ್ದವು. ಗುಡ್ಡಗಾಡಿನ ದನಗಳಿಗೂ ಮಿಶ್ರತಳಿಗಳಿಗೂ ತೊಂದರೆ ಹೆಚ್ಚು. ಮೈಯೊಳಗೆ ಅಡಗಿದ್ದ ಉಣ್ಣೆ ಜ್ವರ ಈ ಸಮಯದಲ್ಲಿ ಕೆರಳಿ ರಾಸು ಸತ್ತದ್ದೂ ಉಂಟು. ಸತ್ತದ್ದು ಉಣ್ಣೆ ಜ್ವರದಿಂದ, ಸೂಜಿಯಿಂದಲ್ಲ ಎಂದು ಹೇಳಿದರೆ ಒಂದೇ ಎತ್ತು ಇದ್ದವನು ನಂಬುವುದು ಹೇಗೆ? ಜಾಣರಾದ ವೈದ್ಯರು ಮೊದಲು ಪಟೇಲರ ದನಗಳಿಗೆ ಚುಚ್ಚಿ, ಊರವರ ಕಣ್ಣೆದುರಿಗೆ ಅವು ಚೆನ್ನಾಗಿರುವುದನ್ನು ತೋರಿಸಿ, ವಾರದ ನಂತರ ಮತ್ತೆ ಬಂದು ವಿಚಾರಿಸುತ್ತಿದ್ದರು. ಹಾಗೆ ಮತ್ತೆ ಬಂದು ವಿಚಾರಿಸಿದವರ ಮಾತು ನಡೆಯಿತು.

ಇತರ ಕೆಲಸಗಳು, ಅಪಾಯಗಳು

ದೊಡ್ಡರೋಗವೊಂದೇ ಇವರ ಕೆಲಸವಾಗಿರಲಿಲ್ಲ. ಹೋರಿಯ ಬೀಜವನ್ನು ಕಲ್ಲು, ಕೋಲುಗಳ ನಡುವೆ ಜಜ್ಜುವ ಕ್ರೂರ ಪದ್ಧತಿಯ ಬದಲು ರಕ್ತ ಬಾರದ ಬರ್ಡಿಜ್ಜೊ ಇಕ್ಕಳವನ್ನು ಹಳ್ಳಿಗಳಿಗೆ ತಂದವರು ಇವರು. ಕೃತಕ ಗರ್ಭಧಾರಣೆಯನ್ನು ನಮ್ಮ ದೇಶದಲ್ಲಿ ಮೊತ್ತಮೊದಲು ಮಾಡಿದ್ದು ಮೈಸೂರಿನಲ್ಲಿ ಎಂಬುದು ನಿಮ್ಮಲ್ಲಿ ಬಹಳ ಮಂದಿಗೆ ತಿಳಿದಿರಲಾರದು. ಡಾ. ಸಂಪತ್ ಕುಮಾರನ್ 1939ರಲ್ಲಿ ಅರಮನೆಯ ಡೇರಿ ಫಾರಂನಲ್ಲಿ ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯದಿಂದ ಇದನ್ನು ನಡೆಸಿದರು. ಇಂದು ಹಾಲಿನ ಡೇರಿಗೆ ಕ್ಯಾನು ಹೊರುವ ಪ್ರತಿಯೊಬ್ಬರೂ ಆ ಕೆಲಸದ ಫಲ ಉಣ್ಣುತ್ತಿದ್ದಾರೆ.

ಅಪಾಯವೂ ಕಡಿಮೆಯಿರಲಿಲ್ಲ. ನೆರಡಿ ರೋಗದಿಂದ ಸತ್ತ ದನ, ಹುಚ್ಚು ನಾಯಿ ಕಚ್ಚಿದ ಎಮ್ಮೆ, ಕಂದು ಹಾಕಿದ ಹಸುವಿನ ಕಸ, ಇವೆಲ್ಲವೂ ಮನುಷ್ಯರಿಗೆ ರೋಗ ಹರಡುವಂಥವು. ರಬ್ಬರ್ ಕೈಗವಸು ಎಲ್ಲರಿಗೂ ಸಿಗದಿದ್ದ ಕಾಲದಲ್ಲಿ ಬರಿಗೈಯಿಂದ ಸತ್ತೆ ಎಳೆಯುತ್ತಿದ್ದರು. ಕಾರಣ ತಿಳಿಯದ ಜ್ವರ ತಿಂಗಳುಗಟ್ಟಲೆ ಬಂದು ಹೋಗುವುದು, ಕೀಲು ನೋವು, ಬೆವರು – ಇದು ಪಶುವೈದ್ಯರ ಮನೆಗಳಿಗೆ ಪರಿಚಿತವಾದ ಕಾಯಿಲೆಯಾಗಿತ್ತು. ಅದಕ್ಕೆ ಬ್ರುಸೆಲ್ಲಾ ರೋಗಾಣು ಕಾರಣ.

ಕೊನೆಯ ಹಂತ

ಕೇಂದ್ರ ಸರ್ಕಾರ 1954ರಲ್ಲಿ ರಾಷ್ಟ್ರೀಯ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ನೂರರಲ್ಲಿ ಎಂಬತ್ತು ರಾಸುಗಳಿಗೆ ಲಸಿಕೆ ಹಾಕಿದರೆ ರೋಗ ತಾನೇ ನಿಲ್ಲುವುದೆಂದು ಲೆಕ್ಕ. ರೋಗ ಬಹಳ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಊರೂರು ತಿರುಗುವ ಹಿಂಡುಗಳು, ದನದ ಜಾತ್ರೆಗಳು, ಲಸಿಕೆ ತಪ್ಪಿಸಿಕೊಂಡ ಕರುಗಳು ಸೋಂಕನ್ನು ಉಳಿಸಿಕೊಂಡು ಬಂದವು. ದಕ್ಷಿಣದ ರಾಜ್ಯಗಳಲ್ಲಿ ಅದು ಬಹುಕಾಲ ಹೊಗೆಯಾಡುತ್ತಲೇ ಇತ್ತು.

ಇಷ್ಟರಲ್ಲಿ ಕೀನ್ಯಾ ದೇಶದಲ್ಲಿ ವಾಲ್ಟರ್ ಪ್ಲೋರೈಟ್ ಎಂಬ ಪಶುವೈದ್ಯರು 1960ರ ಆಸುಪಾಸಿನಲ್ಲಿ ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಯನ್ನು ಸಿದ್ಧಪಡಿಸಿದ್ದರು. ಅದರಿಂದ ಜ್ವರವಿಲ್ಲ, ಹಾಲು ಇಳಿಯುವುದಿಲ್ಲ, ಮಿಶ್ರತಳಿ, ಗಬ್ಬದ ಹಸು ಯಾವುದಕ್ಕೂ ಅಪಾಯವಿಲ್ಲ. ಈ ಕೆಲಸಕ್ಕಾಗಿ 1999ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮಲ್ಲಿಯೂ ಆಡಿನ ಲಸಿಕೆಯ ಜಾಗಕ್ಕೆ ಇದು ಬಂತು. 1992ರ ನಂತರ ಎಲ್ಲೆಡೆ ಚುಚ್ಚುತ್ತಾ ಹೋಗುವುದನ್ನು ಬಿಟ್ಟು, ಹಳ್ಳಿ ಹಳ್ಳಿಗೆ ಹೋಗಿ ರೋಗವನ್ನೇ ಹುಡುಕುವ ಕ್ರಮ ಬಂತು. ಬಾಯಿಹುಣ್ಣು, ಭೇದಿ ಕಂಡ ಕಡೆ ರೈತ ಸುದ್ದಿ ಕೊಡಬೇಕು, ವೈದ್ಯ ಅಂದೇ ಹೋಗಬೇಕು. ಕೊನೆಯ ಪ್ರಕರಣ 1995ರಲ್ಲಿ ತಮಿಳುನಾಡಿನಲ್ಲಿ ಕಂಡಿತು. 2006ರಲ್ಲಿ ಭಾರತ ಸೋಂಕುಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಮನುಷ್ಯರ ಸಿಡುಬಿನ ನಂತರ ಹೀಗೆ ಬೇರುಸಹಿತ ಹೋದ ರೋಗ ಇದೊಂದೇ.

ಈಗ ನಿಮ್ಮ ಕೊಟ್ಟಿಗೆಯಲ್ಲಿ

ದೊಡ್ಡರೋಗದ ಸೋದರ ಸಂಬಂಧಿಯಾದ ಹಿರೇಬೇನೆ ಕುರಿ, ಆಡುಗಳಲ್ಲಿ ಇನ್ನೂ ಇದೆ. ಇದನ್ನು 2030ರೊಳಗೆ ಜಗತ್ತಿನಿಂದ ತೊಲಗಿಸುವ ಗುರಿಯಿದೆ. ನಾಲ್ಕು ತಿಂಗಳು ತುಂಬಿದ ಮರಿಗಳಿಗೆ ಲಸಿಕೆ ಹಾಕಿಸತಕ್ಕದ್ದು. ಸಂತೆಯಿಂದ ತಂದ ಕುರಿಯನ್ನು ಕೆಲವು ವಾರ ಬೇರೆ ಕಟ್ಟಿ ನೋಡಿಕೊಂಡು ಆಮೇಲೆ ಹಿಂಡಿಗೆ ಸೇರಿಸಿರಿ.

ಕಾಲುಬಾಯಿ ಜ್ವರಕ್ಕೆ ದೊಡ್ಡರೋಗದಂತೆ ಒಂದೇ ಲಸಿಕೆ ಜನ್ಮಕ್ಕೆ ಸಾಲದು. ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಚುಚ್ಚಿದ ಜಾಗ ಊದಬಹುದು, ತಾನಾಗಿಯೇ ಸರಿಹೋಗುತ್ತದೆ. ಹಾಲಿನ ಆಸೆಗೆ ಒಂದು ಹಸುವನ್ನು ಹಿಂದಿನ ಕೋಣೆಯಲ್ಲಿ ಕಟ್ಟಿ, ಉಳಿದವಕ್ಕೆ ಮಾತ್ರ ಹಾಕಿಸುವವರು ಈಗಲೂ ಇದ್ದಾರೆ. ರೋಗ ಹೊಕ್ಕರೆ ಮೊದಲು ಬೀಳುವುದು ಆ ಹಸುವೇ.

ಕಂದು ರೋಗದ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜನ್ಮದಲ್ಲಿ ಒಂದೇ ಸಲ ಹಾಕುತ್ತಾರೆ. ಗಂಡು ಕರುವಿಗಾಗಲಿ ಗಬ್ಬದ ಹಸುವಿಗಾಗಲಿ ಹಾಕಿಸಕೂಡದು. ಇದು ಜೀವಂತ ಲಸಿಕೆಯಾದ್ದರಿಂದ ಚುಚ್ಚುವವರ ಕೈಗೆ ಸೂಜಿ ತಗಲಿದರೆ ಅವರಿಗೇ ಆ ಜ್ವರ ಬರುವ ಸಂಭವವಿದೆ. ಆದುದರಿಂದ ಲಸಿಕೆ ಹಾಕುವವರು ಬರುವ ದಿನ ಕರುಗಳನ್ನು ಬೆಳಿಗ್ಗೆಯೇ ಮನೆಯಲ್ಲಿ ಕಟ್ಟಿಕೊಂಡಿದ್ದು, ಚುಚ್ಚುವಾಗ ಕರು ಒದೆಯದಂತೆ ನೀವೇ ತಲೆ ಮತ್ತು ಹಿಂಗಾಲನ್ನು ಭದ್ರವಾಗಿ ಹಿಡಿದುಕೊಡಿರಿ.