ದಾಳಿಂಬೆ: ಅಂಗಳದ ಒಂದು ಸಸ್ಯಪಾಠ



ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದ ಹೂಗಳನ್ನು ನನ್ನ ಮೇಜಿನ ಮೇಲೆ ಸುರಿದಳು. “ಅಮ್ಮನವರೇ, ನಮ್ಮ ದಾಳಿಂಬೆ ಗಿಡ ಮೂರು ವರ್ಷದಿಂದ ಹೂ ಬಿಡುತ್ತಿದೆ, ಎಲ್ಲವೂ ಹೀಗೆಯೇ ಉದುರುತ್ತವೆ. ಇದು ಬಂಜೆ ಗಿಡ, ಮನೆಯ ಮುಂದೆ ಇರಬಾರದು, ಕಡಿಸಿಬಿಡಿ ಎಂದು ಅಜ್ಜಿ ಹೇಳುತ್ತಿದ್ದಾರೆ” ಎಂದಳು. ಅಂದು ನಾವು ಮಾಡಿದ ಪಾಠವನ್ನೇ ಇಲ್ಲಿ ವಿವರಿಸುತ್ತೇನೆ.

ದಾಳಿಂಬೆಯು ಇರಾನ್ ದೇಶದಿಂದ ಉತ್ತರ ಹಿಂದೂಸ್ಥಾನದ ಹಿಮಾಲಯದ ತಪ್ಪಲಿನವರೆಗಿನ ಪ್ರದೇಶಕ್ಕೆ ಸೇರಿದ ಗಿಡ. ಬೇಸಗೆಯಲ್ಲಿ ಬಿಸಿಲೂ ಒಣಹವೆಯೂ, ಚಳಿಗಾಲದಲ್ಲಿ ಮಿತವಾದ ಚಳಿಯೂ ಇದಕ್ಕೆ ಹಿತಕರ. ನಮ್ಮ ನಾಡಿನಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗ ಮುಂತಾದ ಒಣ ಸೀಮೆಗಳಲ್ಲಿ ಇದನ್ನು ವಿಶೇಷವಾಗಿ ಬೆಳೆಯುವುದಕ್ಕೆ ಇದೇ ಕಾರಣ. 1753ರಲ್ಲಿ ಲಿನೀಯಸ್ ಎಂಬ ಸಸ್ಯಶಾಸ್ತ್ರಜ್ಞನು ಇದಕ್ಕೆ ಪ್ಯೂನಿಕಾ ಗ್ರನೇಟಮ್ ಎಂದು ಹೆಸರಿಟ್ಟನು. ಮೊದಲನೆಯ ಪದವು ಕಾರ್ಥೇಜ್ ನಗರವನ್ನೂ ಎರಡನೆಯದು ಬೀಜಗಳ ಸಮೃದ್ಧಿಯನ್ನೂ ಸೂಚಿಸುವುದು. ಬಹುಕಾಲ ಇದನ್ನು ಪ್ರತ್ಯೇಕ ಕುಟುಂಬವಾಗಿ ಎಣಿಸುತ್ತಿದ್ದರು; ಈಗ ಗೋರಂಟಿ, ಹೊಳೆದಾಸವಾಳಗಳಿರುವ ಕುಟುಂಬಕ್ಕೇ ಇದನ್ನು ಸೇರಿಸಿದ್ದಾರೆ.

ಇದು ಬುಡದಿಂದಲೇ ಹಲವು ಕಾಂಡಗಳು ಚಿಗುರಿ ಪೊದೆಯಾಗಿ ಬೆಳೆಯುವುದು. ಒಂದೇ ಕಾಂಡವನ್ನು ಉಳಿಸಿ ಸವರಿದರೆ ಚಿಕ್ಕ ಮರವೂ ಆಗುವುದು. ಎಳೆಯ ರೆಂಬೆಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ಅದು ನಾಲ್ಕು ಮೂಲೆಗಳುಳ್ಳದ್ದೆಂದು ತಿಳಿಯುವುದು. ಅನೇಕ ಕಿರುರೆಂಬೆಗಳ ತುದಿಯು ಮುಳ್ಳಾಗಿ ಮಾರ್ಪಟ್ಟಿರುವುದು. ಎಲೆಗಳು ನೀಳವಾಗಿಯೂ ನುಣುಪಾಗಿಯೂ ಇದ್ದು ಹೆಚ್ಚಾಗಿ ಎದುರುಬದುರಾಗಿ ಜೋಡಿಸಲ್ಪಟ್ಟಿವೆ. ಗಿಡ್ಡ ರೆಂಬೆಗಳಲ್ಲಿ ಗುಂಪುಗುಂಪಾಗಿರುವವು. ಚಿಗುರು ಕೆಂಪು ಛಾಯೆಯದು.

ಇನ್ನು ಹೂವಿಗೆ ಬರೋಣ. ರೆಂಬೆಯ ತುದಿಯಲ್ಲಿ ಒಂದೊಂದಾಗಿಯೋ ಸಣ್ಣ ಗೊಂಚಲಾಗಿಯೋ ಹೂಗಳು ಬಿಡುವವು. ಹೊರಗಿನ ಪುಷ್ಪಕೋಶವು ದಪ್ಪನಾದ ಕೆಂಪು ತೊಗಲಿನಂತಿದ್ದು ಐದರಿಂದ ಎಂಟು ಹಲ್ಲುಗಳಾಗಿ ಸೀಳಿರುವುದು. ಹಣ್ಣಿನ ತಲೆಯ ಮೇಲೆ ಕಿರೀಟದಂತೆ ನಿಲ್ಲುವುದು ಇದೇ. ಅದರೊಳಗೆ ಸುಕ್ಕುಗಟ್ಟಿದ ರೇಷ್ಮೆಯಂತಹ ಎಸಳುಗಳೂ, ಕೋಶದ ಒಳಗೋಡೆಗೆ ಅಂಟಿಕೊಂಡ ಅಸಂಖ್ಯ ಕೇಸರಗಳೂ ಇವೆ. ಅಂಡಾಶಯವು ಪುಷ್ಪಕೋಶದೊಡನೆ ಒಂದಾಗಿ ಬೆಸೆದು ಹೂವಿನ ಬುಡದಲ್ಲಿ ಅಡಗಿರುವುದು.

ಆ ಬಾಲಕಿ ತಂದ ಹೂಗಳನ್ನು ನಾವು ಅಲಗಿನಿಂದ ಉದ್ದಕ್ಕೆ ಸೀಳಿ ಸಾಲಾಗಿ ಇಟ್ಟೆವು. ಅವುಗಳ ಜೊತೆಗೆ, ಗಿಡದಲ್ಲಿಯೇ ಉಳಿದಿದ್ದ ಒಂದೆರಡು ಹೂಗಳನ್ನೂ ತರಿಸಿದೆವು. ಭೇದವು ಕೂಡಲೇ ಕಂಡಿತು. ಉದುರಿದ ಹೂಗಳಲ್ಲಿ ಐದಾರನ್ನು ಬಿಟ್ಟು ಉಳಿದವೆಲ್ಲ ಗಂಟೆಯ ಆಕಾರದವು: ಬುಡ ಕಿರಿದು, ಅಂಡಾಶಯ ಚಿಕ್ಕದು, ಶಲಾಕೆಯು ಮೋಟು. ಗಿಡದಲ್ಲಿದ್ದವುಗಳು ಹೂಜಿಯ ಆಕಾರದವು: ಬುಡ ದುಂಡಗೆ ಉಬ್ಬಿದೆ, ಶಲಾಕೆಯು ಕೇಸರಗಳ ಎತ್ತರಕ್ಕೆ ಏರಿ ನಿಂತಿದೆ. ಮೊದಲಿನವು ಕಾರ್ಯದಲ್ಲಿ ಗಂಡು ಹೂಗಳು. ಪರಾಗವನ್ನು ಕೊಟ್ಟು ಉದುರುವುದೇ ಅವುಗಳ ಕೆಲಸ. ಎರಡನೆಯವು ದ್ವಿಲಿಂಗ ಪುಷ್ಪಗಳು, ಹಣ್ಣಾಗುವುದು ಇವುಗಳಿಂದಲೇ. ಎರಡಕ್ಕೂ ನಡುವಿನ ರೂಪಗಳೂ ಉಂಟು. ಗೊಂಚಲಿನ ತುದಿಯ ಹೂವು ಸಾಮಾನ್ಯವಾಗಿ ಮೊದಲು ಅರಳುವುದು, ದೊಡ್ಡದಾಗಿರುವುದು, ಹಣ್ಣಾಗುವ ಸಂಭವವೂ ಅದಕ್ಕೇ ಹೆಚ್ಚು. ಗಂಡು ಹೂಗಳ ಪ್ರಮಾಣವು ತಳಿಯನ್ನೂ ಋತುವನ್ನೂ ಗಿಡದ ಪೋಷಣೆಯನ್ನೂ ಅನುಸರಿಸಿ ಬದಲಾಗುವುದು.

ಆದುದರಿಂದ ನೆಲದ ಮೇಲೆ ಹಾಸಿದಂತೆ ಹೂ ಉದುರಿದ ಮಾತ್ರಕ್ಕೆ ಗಿಡವು ಕೆಟ್ಟಿತೆಂದು ತೀರ್ಮಾನಿಸಬಾರದು. ಉಬ್ಬಿದ ಬುಡದ ಹೂಗಳೂ ಉದುರುತ್ತಿದ್ದರೆ ಆಗ ಕಾರಣವನ್ನು ಹುಡುಕಬೇಕು. ನೆರಳು, ನೀರಿನ ಏರುಪೇರು, ಗೊಬ್ಬರದ ಕೊರತೆ, ಇವುಗಳಲ್ಲಿ ಯಾವುದಾದರೊಂದು ಇರಬಹುದು. ಎಸಳುಗಳೇ ತುಂಬಿದ ಅಲಂಕಾರದ ದಾಳಿಂಬೆಯಾದರೆ ಅದು ಹಣ್ಣು ಬಿಡುವುದು ಅಪರೂಪ. ಅದನ್ನು ಹೂವಿಗಾಗಿಯೇ ಬೆಳೆಸುವರು.

ಹಣ್ಣಿನ ರಚನೆಯೂ ವಿಚಿತ್ರವಾದದ್ದು. ಮಾವಿನಲ್ಲಿ ನಾವು ತಿನ್ನುವುದು ಫಲದ ಗೋಡೆಯ ತಿರುಳನ್ನು. ದಾಳಿಂಬೆಯ ಗೋಡೆಯು ತೊಗಲಿನಂತಹ ಸಿಪ್ಪೆ, ಅದನ್ನು ಎಸೆಯುತ್ತೇವೆ. ತಿನ್ನುವ ಕೆಂಪು ರಸಭಾಗವು ಪ್ರತಿಯೊಂದು ಬೀಜದ ಹೊರಕವಚ. ಒಳಕವಚವು ಗಟ್ಟಿಯಾಗಿ ಹಲ್ಲಿಗೆ ಸಿಕ್ಕುವುದು. ಹಣ್ಣನ್ನು ಬಿಡಿಸಿದಾಗ ತೆಳು ಪೊರೆಗಳಿಂದ ಬೇರ್ಪಟ್ಟ ಕೋಣೆಗಳು ಕೆಳಗೊಂದು ಮೇಲೊಂದು ಎಂಬಂತೆ ಎರಡು ಅಂತಸ್ತುಗಳಲ್ಲಿ ಇರುವುದನ್ನು ಕಾಣಬಹುದು. ಹೂವಿನಿಂದ ಹಣ್ಣು ಪಕ್ವವಾಗಲು ಐದಾರು ತಿಂಗಳು ಹಿಡಿಯುವುದು. ಕಿತ್ತ ಮೇಲೆ ಇದು ಬಾಳೆಯಂತೆ ಮಾಗುವುದಿಲ್ಲ, ಗಿಡದಲ್ಲಿಯೇ ಬಲಿಯಬೇಕು. ಬಹಳ ದಿನ ಒಣಗಿಸಿ ಒಮ್ಮೆಲೇ ನೀರು ಹರಿಸಿದರೆ ಸಿಪ್ಪೆ ಬಿರಿಯುವುದು.

ಸತ್ಯವೇದವನ್ನು ಓದುವವರಿಗೆ ಈ ಹಣ್ಣು ಅಪರಿಚಿತವಲ್ಲ. ವಿಮೋಚನಕಾಂಡದ 28ನೆಯ ಅಧ್ಯಾಯದಲ್ಲಿ ಮಹಾಯಾಜಕನ ನಿಲುವಂಗಿಯ ಅಂಚಿಗೆ ಚಿನ್ನದ ಗೆಜ್ಜೆಗಳೊಡನೆ ದಾರದ ದಾಳಿಂಬೆಗಳನ್ನು ಮಾಡಿಸಬೇಕೆಂದು ಹೇಳಿದೆ. ಸೊಲೊಮೋನನ ದೇವಾಲಯದ ಕಂಬಗಳ ಮೇಲೆಯೂ ದಾಳಿಂಬೆಗಳ ಸಾಲುಗಳಿದ್ದವು. ಹಣ್ಣನ್ನು ಗೌರವಿಸಿದ ಆ ಕುಶಲಿಗಳು ಹೂವನ್ನೂ ಕಂಡಿರಲೇಬೇಕು.

ಪಾಠ ಮುಗಿದ ಸಂಜೆ ಆ ಬಾಲಕಿ ಸೀಳಿದ ಎರಡು ಹೂಗಳನ್ನು ಅಜ್ಜಿಗೆ ತೋರಿಸಿದಳು. ಗಿಡದ ಮೇಲೆ ಬಾಗಿದ್ದ ನುಗ್ಗೆಯ ಕೊಂಬೆಯನ್ನು ಮನೆಯವರು ಸವರಿಸಿ ಬಿಸಿಲು ಬೀಳುವಂತೆ ಮಾಡಿದರು. ನೀರನ್ನು ಕ್ರಮವಾಗಿ ಹಾಕಿದರು. ಮರುವರ್ಷ ಮೂರು ಹಣ್ಣುಗಳು ಉಳಿದವು. ಅವುಗಳಲ್ಲಿ ಒಂದನ್ನು ಅಜ್ಜಿಯೇ ಶಾಲೆಗೆ ತಂದು, “ನಿಮ್ಮ ಮಕ್ಕಳಿಗೆ ಬಿಡಿಸಿ ಕೊಡಿ, ಅಮ್ಮಾ” ಎಂದು ನನ್ನ ಕೈಯಲ್ಲಿಟ್ಟರು.

ಮೂರು ಹಣ್ಣು ಬಂದುದರಿಂದ ಗಿಡದ ಮಾನ ಉಳಿಯಿತೆಂದು ನಾನು ಹೇಳಲಾರೆನು. ಹಣ್ಣು ಬಾರದಿದ್ದರೂ ಅದು ನೆರಳನ್ನೂ ಜೇನುಹುಳುವಿಗೆ ಪರಾಗವನ್ನೂ ಕೊಡುತ್ತಿತ್ತು. ಗಿಡಕ್ಕೆ ಅಂಟಿಸಿದ ಆ ಕಠೋರವಾದ ಪದವನ್ನು ನಮ್ಮ ಮನೆಗಳಲ್ಲಿ ಸೊಸೆಯಂದಿರಿಗೂ ಅಂಟಿಸುವುದುಂಟು. ಅಲ್ಲಿಯೂ ವಿಚಾರಿಸಿ ನೋಡಿದವರು ಕಡಿಮೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಆ ನೋವನ್ನು ನನ್ನ ಮುಂದೆ ಹೇಳಿಕೊಂಡಿದ್ದಾರೆ. ಹೆಣ್ಣುಮಕ್ಕಳಿಗೆ ಸಸ್ಯಶಾಸ್ತ್ರವೇಕೆ ಎಂದು ಕೇಳುವ ತಂದೆತಾಯಂದಿರಿಗೆ ನನ್ನ ಉತ್ತರವಿಷ್ಟೆ: ಮಾತನಾಡುವ ಮೊದಲು ಬಿಡಿಸಿ ನೋಡುವ ಅಭ್ಯಾಸವನ್ನು ಇದು ಕಲಿಸುವುದು. ಈ ವರ್ಷ ನಿಮ್ಮ ಅಂಗಳದ ದಾಳಿಂಬೆಯು ಹೂ ಬಿಟ್ಟಾಗ, ಉದುರಿದವುಗಳಲ್ಲಿ ಒಂದನ್ನು ಎತ್ತಿ ಅದರ ಬುಡವನ್ನು ನಿಮ್ಮ ಮಗಳೊಡನೆ ನೋಡಿರಿ.